ಮೇಲ್ನೀರು, ಅಡಿನೀರು

ಗಾಳ ಹಾಕುವವರಲ್ಲಿ ಎರಡು ಮತಗಳಿವೆ. ಮೀನು ಮೇಲ್ನೀರಿನಲ್ಲಿದೆ ಎಂದು ನಂಬಿದವರದು ಒಂದು, ಅಡಿನೀರಿನಲ್ಲಿದೆ ಎಂದು ನಂಬಿದವರದು ಇನ್ನೊಂದು. ನಡುವಿನ ಮಾರ್ಗದವರು ಇಲ್ಲವೆಂದಲ್ಲ. ಎಲ್ಲ ಮತಗಳಲ್ಲಿಯೂ ಆಗುವಂತೆ ಇಲ್ಲಿಯೂ ಅವರ ಮಾತಿಗೆ ಕಿವಿಗೊಡುವವರು ಕಡಿಮೆ. ನೀರಿನ ಉಷ್ಣತೆ, ಬೆಳಕು, ತಿಳಿ, ಕದಡು, ಋತು, ಹೊತ್ತು ಎಂದು ಎರಡೂ ಪಕ್ಷದವರು ಶಾಸ್ತ್ರಾಧಾರಗಳನ್ನು ಎತ್ತಿ ಆಡುತ್ತಾರೆ, ಮತ್ತು ಒಂದೇ ಆಧಾರದಿಂದ ಪರಸ್ಪರ ವಿರುದ್ಧವಾದ ಸಿದ್ಧಾಂತಗಳನ್ನು ಹೊರಡಿಸುತ್ತಾರೆ. ಕೆಲವು ವರ್ಷಗಳ ಕಾಲ ಒಂದೇ ದಡದಲ್ಲಿ ಕುಳಿತು ಈ ವಾದವನ್ನು ಕೇಳಿದ, ಆಡಿದ ಮೇಲೆ ನಮಗೆ ಒಂದು ಸಂಗತಿ ತೋರಿದೆ. ಒಬ್ಬನು ಯಾವ ಆಳದಲ್ಲಿ ಮೀನನ್ನು ಹುಡುಕುತ್ತಾನೆ, ಯಾವ ಎರೆಯನ್ನು ನಂಬುತ್ತಾನೆ ಎಂಬುದು ಮೀನಿನ ವಿಷಯಕ್ಕಿಂತ ಅವನು ಹುಟ್ಟಿ ಬೆಳೆದ ನೀರಿನ ವಿಷಯವನ್ನೇ ಹೆಚ್ಚು ಹೇಳುತ್ತದೆ. ಮಾತಿನ ಧಾಟಿಯಿಂದ ಊರನ್ನು ಗುರುತಿಸುವಂತೆ, ಗಾಳ ಬೀಸುವ ರೀತಿಯಿಂದಲೂ ಊರನ್ನು ಗುರುತಿಸಬಹುದು.

ನಾವು ಎಂದರೆ ಮೂವರು. ಹೊಟ್ಟೆಪಾಡಿಗಾಗಿ ಬೇರೆ ಬೇರೆ ಕಾಲದಲ್ಲಿ ಆಂಧ್ರಕ್ಕೆ ಬಂದು, ಬಾಡಿಗೆ ಮನೆಗಳ ಅನುಕೂಲದಿಂದ ಮಂಗಳಗಿರಿಯಲ್ಲಿ ನೆಲೆನಿಂತು, ವಿಜಯವಾಡದ ಒಂದು ಕನ್ನಡ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪರಿಚಯವಾದವರು. ಒಬ್ಬರು ತೀರ್ಥಹಳ್ಳಿಯ ಕಡೆಯವರು, ತುಂಗೆಯ ಮಕ್ಕಳು. ಒಬ್ಬರು ರಾಯಚೂರು ಸೀಮೆಯವರು, ಕೃಷ್ಣೆಯ ದಂಡೆಯವರು. ಮತ್ತೊಬ್ಬರು ಕುಂದಾಪುರದವರು, ಪಂಚಗಂಗಾವಳಿಯ ಹಿನ್ನೀರಿನಲ್ಲಿ ಈಜು ಕಲಿತವರು. ಭಾನುವಾರದ ಮುಂಜಾವಿನಲ್ಲಿ ಗಾಳದ ಕೋಲುಗಳನ್ನು ಹೊತ್ತು ಹೊರಡುವ ಚಟವೊಂದೇ ನಮ್ಮ ಸಮಾನ ಗುಣ, ಉಳಿದದ್ದರಲ್ಲೆಲ್ಲ ಭಿನ್ನಾಭಿಪ್ರಾಯ.

ತುಂಗೆಯವರು ಮೇಲ್ನೀರಿನ ಮತದವರು. ಅದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಶೃಂಗೇರಿಯ ಮೆಟ್ಟಿಲುಗಳ ಮೇಲೆ ನಿಂತು ಮಂಡಕ್ಕಿ ಎರಚಿದರೆ ದೊಡ್ಡ ದೊಡ್ಡ ಮೀನುಗಳು ಬಾಯಿ ತೆರೆದು ಮೇಲೆದ್ದು ಬರುವುದನ್ನು ಬಾಲ್ಯದಿಂದ ಕಂಡವರು ಅವರು. ಅಲ್ಲಿ ಹಿಡಿಯುವಂತಿಲ್ಲ, ನೋಡಿ ಕೈಮುಗಿಯುವುದಷ್ಟೆ. ಆದರೆ ಮೀನೆಂದರೆ ಮೇಲಕ್ಕೆ ಬರುವ ಪ್ರಾಣಿ ಎಂಬ ಭಾವನೆ ಅಲ್ಲಿಯೇ ಊರಿತು. ರಾಯಚೂರಿನವರ ಅನುಭವ ಇದಕ್ಕೆ ತೀರ ವಿರುದ್ಧ. ಬೇಸಗೆಯಲ್ಲಿ ಅವರ ಕೃಷ್ಣೆ ಬಂಡೆಗಳ ನಡುವೆ ತುಂಡುತುಂಡಾಗಿ ಮಡುಗಳಾಗಿ ನಿಲ್ಲುತ್ತದೆ; ಮೀನೆಲ್ಲ ಮಡುವಿನ ತಳ ಸೇರುತ್ತದೆ; ಅದೇ ಮಡುವಿನಲ್ಲಿ ಮೊಸಳೆಯೂ ಇರುತ್ತದೆ. ಆದ್ದರಿಂದ ಅವರದು ದೂರ ಕುಳಿತು, ಸೀಸದ ಗುಂಡು ಕಟ್ಟಿ, ಜೋಳದ ಹಿಟ್ಟು ಮತ್ತು ಶೇಂಗಾ ಹಿಂಡಿ ಕಲಸಿದ ಉಂಡೆಯನ್ನು ತಳಕ್ಕೆ ಇಳಿಬಿಟ್ಟು ಕಾಯುವ ಪದ್ಧತಿ. "ಮ್ಯಾಲಿನ ನೀರು ಸುಳ್ಳು ಹೇಳ್ತದ್ರೀ ಸರ, ಖರೆ ಮಾತು ತಳದಾಗ ಇರ್ತದ" ಎನ್ನುವುದು ಅವರ ಸೂತ್ರವಾಕ್ಯ. ಕುಂದಾಪುರದವರಿಗೆ ಆಳವೆಂಬುದೇ ಸ್ಥಿರವಾದ ವಸ್ತುವಲ್ಲ. ಸುಮಾರು ಆರು ಗಂಟೆಗೊಮ್ಮೆ ಭರತ, ಆರು ಗಂಟೆಗೊಮ್ಮೆ ಇಳಿತ. ಬೆಳಗ್ಗೆ ಸೊಂಟದವರೆಗೆ ಇದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬರುವ ಊರಿನವರು ಅವರು. "ಎಷ್ಟು ಆಳ ಅಂತ ಕೇಳ್ಬೇಡಿ ಮಾರಾಯ್ರೆ, ಎಷ್ಟು ಗಂಟೆ ಅಂತ ಕೇಳಿ" ಎಂದು ಅವರು ಇಬ್ಬರನ್ನೂ ಸುಮ್ಮನಾಗಿಸಲು ನೋಡುತ್ತಾರೆ.

ಇಂಥ ಮೂವರು ಬಂದು ಸೇರಿದ ನೀರಾದರೂ ಯಾವುದು? ಮಂಗಳಗಿರಿಗೆ ನದಿ ತಾಗಿಕೊಂಡಿಲ್ಲ. ಹತ್ತು ಕಿಲೋಮೀಟರಿನೊಳಗೆ ಉತ್ತರಕ್ಕೆ ಹೋದರೆ ಉಂಡವಲ್ಲಿಯ ಗುಹಾಲಯಗಳು, ಅದರಾಚೆ ಸೀತಾನಗರ, ಅಲ್ಲಿಂದ ವಿಜಯವಾಡದ ಇಂದ್ರಕೀಲಾದ್ರಿಯ ಬುಡದವರೆಗೆ ಚಾಚಿದ ಪ್ರಕಾಶಂ ಬ್ಯಾರೇಜು. 1855ರಲ್ಲಿ ಮುಗಿದ ಹಳೆಯ ಆಣೆಕಟ್ಟೆ ಇದ್ದ ಕಡೆ 1957ರಲ್ಲಿ ಈ ಬ್ಯಾರೇಜು ಎದ್ದಿತು. ಇದರ ಬೆನ್ನ ಹಿಂದೆ ನಿಂತಿರುವ ನೀರು ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಕರ್ನೂಲಿನ ಕೆಳಗೆ ತುಂಗಭದ್ರೆಯನ್ನು ಕೂಡಿಕೊಂಡು, ಶ್ರೀಶೈಲ, ನಾಗಾರ್ಜುನ ಸಾಗರಗಳಲ್ಲಿ ತಂಗಿ ಬಂದ ನೀರು. ಆದ್ದರಿಂದ ನಮ್ಮಲ್ಲಿ ಇಬ್ಬರಿಗೆ ಇದು ತವರಿನಿಂದ ಬಂದ ನೀರು. 2015ರಿಂದ ಪಟ್ಟಿಸೀಮದ ಏತದ ಮೂಲಕ ಗೋದಾವರಿಯೂ ಇಬ್ರಾಹಿಂಪಟ್ಟಣದ ಬಳಿ ಇದಕ್ಕೆ ಬಂದು ಸೇರುತ್ತಿದೆ. ಪಡುವಣ ಕಡಲಿಗೆ ಹರಿಯುವ ಪಂಚಗಂಗಾವಳಿಗೆ ಮಾತ್ರ ಇದರಲ್ಲಿ ಪಾಲಿಲ್ಲ. ಕುಂದಾಪುರದವರು ಈ ಕೊರತೆಯನ್ನು ಡೆಲ್ಟಾದ ತುದಿಯ ಉಪ್ಪುನೀರಿನ ಕಡೆಗೆ ವರ್ಷಕ್ಕೆರಡು ಬಾರಿ ಹೋಗಿ, ಇಲ್ಲಿಯವರು ಪಂಡುಗಪ್ಪ ಎಂದು ಕರೆಯುವ, ಪೇಟೆಯಲ್ಲಿ ಸೀಬಾಸ್ ಎಂದು ಮಾರುವ ಮೀನಿಗೆ ಗಾಳ ಹಾಕಿ ತೀರಿಸಿಕೊಳ್ಳುತ್ತಾರೆ.

ಬ್ಯಾರೇಜಿನ ಆಸುಪಾಸಿನಲ್ಲಿ ಗಾಳ ಹಾಕುವ ಮಾತಿಲ್ಲ. ನಮ್ಮ ಸಂಚಾರವೆಲ್ಲ ಮೇಲ್ದಂಡೆಯ ಜೊಂಡಿನ ಅಂಚು, ಕಾಲುವೆಗಳ ನಿಂತ ನೀರು, ಹಳ್ಳಿಯ ಕೆರೆಗಳು. ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆಯಾದ್ದರಿಂದ ಅಲ್ಲಿನವರನ್ನು ಕೇಳಿಯೇ ಕೂರುವುದು. ಭಾಷೆ ತೊಡಕಾಗಲಿಲ್ಲ. ನಮ್ಮ ಗಾಳ ಇವರಿಗೆ ಗಾಲಂ. ನಮ್ಮ ಎರೆ ಇವರಿಗೆ ಎರ. ನಮ್ಮ ಬೆಂಡು ಇವರಿಗೂ ಬೆಂಡೇ. ಮಡು ಇಲ್ಲಿ ಮಡುಗು. ಆಳಕ್ಕೆ ಮಾತ್ರ ಇವರು ಲೋತು ಎನ್ನುತ್ತಾರೆ. ವಾದ ಬರುವುದೆಲ್ಲ ಆಳದ ವಿಷಯದಲ್ಲೇ ಆದ್ದರಿಂದ ಆ ಪದವೊಂದು ಬೇರೆಯಾದದ್ದು ಸರಿಯೇ ಎನ್ನಿಸುತ್ತದೆ.

ಆಳದ ಪ್ರಶ್ನೆಗೆ ಮೊದಲ ಪಾಠವನ್ನು ನಮಗೆ ಕಲಿಸಿದ್ದು ಮೀನಿನ ಬಾಯಿ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಮೀನುಗಳನ್ನು ಒಂದೇ ಕೊಳದಲ್ಲಿ ಸಾಕುವುದು ಆಂಧ್ರದ ಮೀನು ಸಾಕಣೆಯ ಅಡಿಪಾಯ. ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ಅನ್ನಕ್ಕೆ ಇನ್ನೊಂದು ಕೈಹಾಕದೆ ಮೂರೂ ಬೆಳೆಯುತ್ತವೆ. ಕಾಟ್ಲಾದ ಬಾಯಿ ಮೇಲ್ಮುಖ, ಮೃಗಾಲಿನದು ಕೆಳಮುಖ. ಮೀನುಪೇಟೆಯಲ್ಲಿ ಇವಕ್ಕೆ ಬೊಚ್ಚೆ, ಶೀಲಾವತಿ, ಎರ್ರಮೋಸು ಎಂದು ಹೆಸರು. ರೋಹುವಿಗೆ ಶೀಲಾವತಿ ಎಂದು ಹೆಸರಿಟ್ಟವರಾರೋ, ನಡುನೀರಿನಲ್ಲಿ ಮರ್ಯಾದೆಯಿಂದ ಇರುವ ಅದರ ಸ್ವಭಾವವನ್ನು ಬಲ್ಲವರಿರಬೇಕು. ಸೃಷ್ಟಿಯೇ ಮೂರು ಪದರಗಳಿಗೆ ಮೂರು ಬಾಯಿಗಳನ್ನು ಮಾಡಿಟ್ಟಿರುವಾಗ ಮೀನು ಮೇಲಿದೆಯೋ ಕೆಳಗಿದೆಯೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಮೀನು ಎಂದು ಕೇಳಬೇಕು. ಇದನ್ನು ಮೂವರೂ ಒಪ್ಪಿಕೊಂಡೆವು. ಒಪ್ಪಿಕೊಂಡ ಮೇಲೂ ತಮ್ಮ ತಮ್ಮ ಪೆಟ್ಟಿಗೆಯಿಂದ ಅದೇ ಹಳೆಯ ಎರೆಯನ್ನೇ ತೆಗೆದೆವು.

ಪೆಟ್ಟಿಗೆಗಳ ವಿಚಾರವನ್ನೂ ಹೇಳಬೇಕು. ಎರೆಯಲ್ಲಿ ಎರಡು ಜಾತಿ. ಒಂದು ತಿನ್ನುವಂಥದ್ದು: ಎರೆಹುಳು, ಹಿಟ್ಟು, ಹಿಂಡಿ. ಇನ್ನೊಂದು ಲ್ಯೂರು ಎಂಬ ಹುಸಿ ಎರೆ. ಮರ, ಲೋಹ, ರಬ್ಬರು, ಪ್ಲಾಸ್ಟಿಕ್ಕುಗಳಲ್ಲಿ ಮಾಡಿದ ಸುಳ್ಳು ಮೀನು, ಸುಳ್ಳು ಕಪ್ಪೆ. ರಬ್ಬರಿನ ಕಪ್ಪೆ ನೀರ ಮೇಲೇ ತೇಲುತ್ತದೆ. ಅದರ ಕೊಕ್ಕೆಗಳು ಮೈಗೆ ಒತ್ತಿಕೊಂಡಿರುವುದರಿಂದ ತಾವರೆ ಎಲೆ, ಜೊಂಡುಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳದು. ಸ್ಪಿನ್ನರು ಎಂಬುದರಲ್ಲಿ ಗಿರಗಿರನೆ ತಿರುಗುವ ತಗಡು ಇದೆ. ಎರಡು ಮೂರು ಅಡಿ ನೀರಿಗೆ ಅದು ಒಳ್ಳೆಯದು. ಕ್ರ್ಯಾಂಕ್‌ಬೈಟು ಎಂಬ ಮೀನಾಕಾರದ ಲ್ಯೂರಿಗೆ ಮೂತಿಯಲ್ಲಿ ಒಂದು ನಾಲಿಗೆ ಇರುತ್ತದೆ. ನಾಲಿಗೆ ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಅದು ಮೇಲುಮೇಲೇ ಈಜುತ್ತದೆ. ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ. ನಾಲಿಗೆ ಉದ್ದವಾದವರು ಮುಳುಗುವುದು ನೀರಿನಲ್ಲಿಯೂ ನಿಜ. ದಾರ ಸಣ್ಣದಾದರೆ ಇನ್ನೂ ಕೊಂಚ ಆಳ ಸಿಗುತ್ತದೆ, ದಪ್ಪವಾದರೆ ನೀರು ತಡೆಯುತ್ತದೆ. ಇನ್ನು ಸೀಸದ ತಲೆಯ ಜಿಗ್, ಲೋಹದ ಸ್ಪೂನುಗಳು ತಳಕ್ಕೆ ಇಳಿಯುವಂಥವು. ಬಿಟ್ಟ ಕ್ಷಣದಿಂದ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ, ದಾರ ಸಡಿಲವಾದೊಡನೆ ತಳ ಮುಟ್ಟಿತೆಂದು ತಿಳಿಯುವುದು. ಮುಂದಿನ ಸಲ ಎರಡು ಎಣಿಕೆ ಕಡಿಮೆ ಮಾಡಿ ಎಳೆದರೆ ತಳಕ್ಕಿಂತ ತುಸು ಮೇಲೆ ಅದು ಸಾಗುತ್ತದೆ. ಕುಂದಾಪುರದವರು ಈ ಎಣಿಕೆಯನ್ನು ಬಾಯಿಬಿಟ್ಟು ಮಾಡುತ್ತಾರೆ. ಅವರು ಹದಿನಾಲ್ಕಕ್ಕೆ ಬಂದಾಗ ನಾವಿಬ್ಬರೂ ಉಸಿರು ಹಿಡಿಯುತ್ತೇವೆ.

ಗಾಳದ ಈ ವಿದ್ಯೆ ನಮಗೆ ಹೊರಗಿನಿಂದ ಬಂದದ್ದೆಂದು ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಕಡಲ ಮೀನು, ಹೊಳೆಯ ಮೀನು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸಿ, ಕೋಲು, ದಾರ, ಕೊಕ್ಕೆ, ಎರೆಗಳನ್ನು ಅಲ್ಲಿ ಹೇಳಿದೆ. ಏಳು ಶತಮಾನಗಳ ನಂತರ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲರು ಭಾರತದ ಗಾಳಗಾರಿಕೆಯ ಮೇಲೆ ಬರೆದ ಪ್ರಸಿದ್ಧ ಗ್ರಂಥ 1873ರಲ್ಲಿ ಮಂಗಳೂರಿನಿಂದಲೇ ಹೊರಬಂತು. ನಮ್ಮ ಕಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಲ ಹಳ್ಳ ಕೆರೆಗಳಲ್ಲಿ ಗಾಳ ಹಾಕಿದ್ದನ್ನು ಬಲ್ಲದ ಕನ್ನಡ ಓದುಗರು ವಿರಳ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಿಗೆ ಮಹಶೀರ್ ಮೀನಿನ ಆಸೆಯಿಂದ ದೇಶವಿದೇಶಗಳ ಜನ ಬಂದು, ಪೆಟ್ಟಿಗೆಯ ತುಂಬ ತಂದ ಲ್ಯೂರುಗಳನ್ನು ಬದಿಗಿಟ್ಟು, ಕೊನೆಗೆ ರಾಗಿ ಹಿಟ್ಟಿನ ಮುದ್ದೆಯನ್ನೇ ಕೊಕ್ಕೆಗೆ ಮೆತ್ತಿ ಹಿಡಿದರು. ಈ ಮಾತನ್ನು ರಾಯಚೂರಿನವರು ಬಲು ಇಷ್ಟದಿಂದ ಹೇಳುತ್ತಾರೆ. ತಿನ್ನಿಸಿ ಹಿಡಿಯುವುದಕ್ಕೂ ಮೋಸದಿಂದ ಹಿಡಿಯುವುದಕ್ಕೂ ನೀತಿಯಲ್ಲಿ ವ್ಯತ್ಯಾಸವಿದೆ ಎಂಬುದು ಅವರ ವಾದ. ಎರಡರಲ್ಲಿಯೂ ಕೊಕ್ಕೆ ಒಂದೇ ಅಲ್ಲವೆ ಎಂದು ತುಂಗೆಯವರ ಪ್ರತಿವಾದ.

ಮೇಲ್ನೀರಿನ ಮತಕ್ಕೆ ಇಲ್ಲಿ ಬಲವಾದ ಪ್ರಮಾಣ ಸಿಕ್ಕಿದ್ದು ಕೊರ್ರಮೀನಿನಿಂದ. ನಮ್ಮ ಕಡೆ ಕೊರವ, ಕುಚ್ಚಿನ ಮುರ್ಲು ಎಂಬ ಹೆಸರುಗಳುಳ್ಳ, ಹಾವಿನ ತಲೆಯ ಆ ಮೀನೇ ಇದು. ನೆರೆಯ ತೆಲಂಗಾಣಕ್ಕೆ ಇದು ರಾಜ್ಯಮೀನು. ಹೈದರಾಬಾದಿನಲ್ಲಿ ಮೃಗಶಿರೆಯ ದಿನ ಉಬ್ಬಸದವರು ಔಷಧದೊಡನೆ ಜೀವಂತ ನುಂಗುವುದು ಇದರ ಮರಿಯನ್ನೇ. ಕಿವಿರಿನ ಜೊತೆಗೆ ತಲೆಯೊಳಗೆ ಗಾಳಿಯನ್ನು ಹೀರುವ ಅಂಗವೂ ಇರುವುದರಿಂದ ಇದು ಆಗಾಗ ಮೇಲಕ್ಕೆ ಬಂದು ಉಸಿರೆಳೆದುಕೊಳ್ಳಲೇಬೇಕು. ಕೆಸರು ನೀರು, ಕಾದ ನೀರು, ಪ್ರಾಣವಾಯು ಕುಗ್ಗಿದ ನೀರು ಇದಕ್ಕೆ ಲೆಕ್ಕಕ್ಕಿಲ್ಲ. ಬೇರೆ ಮೀನುಗಳು ಬಿಸಿಲಿಗೆ ಆಳಕ್ಕೆ ಜಾರಿದಾಗಲೂ ಇದು ಜೊಂಡಿನ ನೆರಳಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ಹೊಂಚಿರುತ್ತದೆ. ರಬ್ಬರಿನ ಕಪ್ಪೆಯನ್ನು ಎಲೆಯಿಂದ ಎಲೆಗೆ ನೆಗೆಸುತ್ತ ತಂದು, ಎಲೆಗಳ ನಡುವಿನ ತೆರವಿನಲ್ಲಿ ಒಂದು ಗಳಿಗೆ ನಿಲ್ಲಿಸಿದರೆ ನೀರು ಸಿಡಿಯುತ್ತದೆ. ಆ ಸಿಡಿತವನ್ನು ಒಮ್ಮೆ ಕಂಡವನು ತಳದಲ್ಲಿ ಹಿಟ್ಟಿನುಂಡೆ ಇಳಿಬಿಟ್ಟು ಕೂರಲಾರ. ಮುಂಜಾವಿನಲ್ಲಿ ಕಪ್ಪು ಕಪ್ಪೆ, ಯಾಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಬೆಳಗುವ ಆಕಾಶದ ಎದುರು ಕಪ್ಪೇ ಸ್ಪಷ್ಟ. ಹೊತ್ತೇರಿದ ಮೇಲೆ ಹಸಿರು. ಹೊಸ ನೀರು ಬಂದು ಹೊಳೆ ಕೆಂಪಾದಾಗ ಬಿಳಿಯದು. ಹೀಗೆ ತುಂಗೆಯವರು ಒಂದು ಸ್ಮೃತಿಗ್ರಂಥವನ್ನೇ ಕಟ್ಟಿಕೊಂಡರು. ರಾಯಚೂರಿನವರು ಕೂಡ ಎರಡು ಬಾರಿ ಕಪ್ಪೆಯನ್ನು ಬೇಡಿ ಇಸಿದುಕೊಂಡರು.

ಅಮೆರಿಕದಲ್ಲಿರುವ ನಮ್ಮ ಬಂಧುವೊಬ್ಬರಿಗೆ ಈ ವಿಷಯ ಬರೆದಾಗ, ತಮ್ಮಲ್ಲಿಯ ಬಾಸ್ ಮೀನಿಗೂ ಇದೇ ಕಪ್ಪೆ, ಇದೇ ಜೊಂಡು, ಇದೇ ಸಿಡಿತ ಎಂದು ಉತ್ತರಿಸಿದರು. ದೊಡ್ಡ ಬಾಯಿಯ ಬಾಸ್ ಅಲ್ಲಿಯ ಗಾಳಗಾರರಿಗೆ ಕುಲದೈವವಿದ್ದಂತೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬ ರೈತ ಹಿಡಿದ 22 ಪೌಂಡು 4 ಔನ್ಸಿನ ಮೀನಿನ ದಾಖಲೆಯನ್ನು ಸರಿಗಟ್ಟಲು 2009ರವರೆಗೆ ಯಾರಿಗೂ ಆಗಲಿಲ್ಲ. ಆಗ ಸರಿಗಟ್ಟಿದ್ದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ. ಆದರೆ ಬಂಧುವಿನ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ವಸಂತದಲ್ಲಿ ಬಾಸ್ ಮೊಟ್ಟೆಯಿಡಲು ತೆಳುನೀರಿಗೆ ಬರುತ್ತದೆ. ಗಂಡು ಗೂಡನ್ನು ಕಾಯುತ್ತದೆ. ಹತ್ತಿರ ಬಂದ ಯಾವುದನ್ನೇ ಆಗಲಿ ಹಸಿವಿಲ್ಲದೆಯೂ ಕಚ್ಚುತ್ತದೆ. ಆಗ ಅದನ್ನು ಹಿಡಿಯುವುದು ಅತಿ ಸುಲಭ. ಹಿಡಿದು ಕೂಡಲೇ ಬಿಟ್ಟರೂ, ಅದು ಮರಳುವಷ್ಟರಲ್ಲಿ ಸುತ್ತ ಕಾದಿದ್ದ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ಮರಿಗಳನ್ನು ತಿನ್ನಬಹುದು. ಇದು ಸರಿಯೆ ತಪ್ಪೆ ಎಂದು ಅಲ್ಲಿಯ ಗಾಳಗಾರರಲ್ಲಿ ಬಹುಕಾಲದ ಜಗಳವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಲವು ಭಾಗಗಳಲ್ಲಿ ಜೂನ್ ನಡುವಿನವರೆಗೂ ಬಾಸ್ ಹಿಡಿಯುವಂತಿಲ್ಲವೆಂದು ಕಟ್ಟಳೆಯೇ ಇದೆ.

ಈ ಪತ್ರ ಬಂದ ವರ್ಷದ ಮಳೆಗಾಲದಲ್ಲಿ ಆ ಜಗಳ ನಮ್ಮ ದಡಕ್ಕೂ ಬಂದಿತು. ಒಂದು ಕೆರೆಯ ಅಂಚಿನಲ್ಲಿ ನೀರು ಒಂದೆಡೆ ಎಸರು ಮರಳಿದಂತೆ ಕುದಿಯುತ್ತಿತ್ತು. ಬಗ್ಗಿ ನೋಡಿದರೆ ಕುಂಕುಮ ಚೆಲ್ಲಿದಂತೆ ಕೆಂಪಗೆ, ನೂರಾರು ಮರಿಗಳು ಒಟ್ಟಾಗಿ ಮೇಲೆದ್ದು ಉಸಿರೆಳೆದು ಮತ್ತೆ ಇಳಿಯುತ್ತಿದ್ದವು. ಕೆಳಗೆ ತೋಳಿನ ದಪ್ಪದ ಎರಡು ನೆರಳುಗಳು. ಕೊರ್ರಮೀನಿನ ತಂದೆತಾಯಿಗಳು ಮರಿಗಳು ಸ್ವತಂತ್ರವಾಗುವವರೆಗೂ ಹೀಗೆಯೇ ಕಾವಲಿರುತ್ತವೆ. ಮರಿಗುಂಪಿನ ಮೇಲೆ ಕಪ್ಪೆಯನ್ನು ಎಳೆದರೆ ಎರಡನೆಯ ಬೀಸಿಗೆ ಅವುಗಳಲ್ಲಿ ಒಂದು ಸಿಗುವುದು ಖಂಡಿತ. ಬೇರೆ ಯಾವ ಲ್ಯೂರಿಗೂ, ಯಾವ ಆಳಕ್ಕೂ, ಯಾವ ಋತುವಿಗೂ ಇಷ್ಟು ಭರವಸೆ ಇಲ್ಲ. ತುಂಗೆಯವರ ಕೈಯಲ್ಲಿ ಕೋಲು ಸಿದ್ಧವಾಗಿತ್ತು. ರಾಯಚೂರಿನವರು ಮೆಲ್ಲಗೆ ಹೇಳಿದರು: "ಬ್ಯಾಡ್ರೀ ಸರ, ಬಾಣಂತಿ ಅದ."

ಕೋಲು ಕೆಳಗಿಳಿಯಿತು. ವಾದ ಇಳಿಯಲಿಲ್ಲ. ತುಂಗೆಯವರು ಕೇಳಿದ ಪ್ರಶ್ನೆ ಇಂದಿಗೂ ಸುಲಭದ್ದಲ್ಲ. "ನಾಳೆ ಬೆಳಿಗ್ಗೆ ಯಾರೋ ಬಂದು ಬಲೆ ಬಿಡ್ತಾರೆ ಕಣ್ರೀ. ನಾನು ಬಿಟ್ಟಿದ್ದಕ್ಕೆ ಅದು ಉಳಿಯುತ್ತಾ? ಉಳಿಯೋದು ನನ್ನ ಮನಸ್ಸಿನ ಸಮಾಧಾನ ಮಾತ್ರ." ಕೊರ್ರಮೀನು ಜೀವಂತವಾಗಿ ಮಾರಾಟವಾಗುವ, ಒಳ್ಳೆಯ ಬೆಲೆಯ ಮೀನು, ಮರಿ ಕಾಯುತ್ತಿದೆಯೆಂದು ಅದನ್ನು ಬಿಟ್ಟುಹೋಗುವ ಮಾರುಕಟ್ಟೆ ಎಲ್ಲಿದೆ? ಅಷ್ಟರಲ್ಲಿ ಆ ಕೆರೆಯಲ್ಲಿ ಮೀನು ಹಿಡಿದು ಬದುಕುವ ಹಿರಿಯರೊಬ್ಬರು ತೆಪ್ಪ ತಂದು ನಿಲ್ಲಿಸಿದರು. "ಏಮೈನಾ ಪಡ್ಡಾಯಾ ಸಾರ್?" ಎಂದರು. ನಾವು ಜಗಳದ ವಿಷಯ ತಿಳಿಸಿದೆವು. ಅವರು ಕೆಂಪು ನೀರನ್ನು ನೋಡಿ ತಲೆಯಾಡಿಸಿದರು. "ತಲ್ಲಿನಿ ಪಟ್ಟುಕುಂಟೇ ಪಿಲ್ಲಲು ಪೋತಾಯಿ ಸಾರ್. ಕಾನೀ ಮಾ ಇಂಟ್ಲೋ ಕೂಡಾ ಪಿಲ್ಲಲುನ್ನಾರು." ತಾಯಿಯನ್ನು ಹಿಡಿದರೆ ಮರಿಗಳು ಹೋಗುತ್ತವೆ, ಆದರೆ ನಮ್ಮ ಮನೆಯಲ್ಲೂ ಮಕ್ಕಳಿದ್ದಾರೆ ಎಂದು ಅರ್ಥ. ಹೀಗೆಂದು ಅವರು ತೆಪ್ಪವನ್ನು ಮುಂದಕ್ಕೆ ನೂಕಿಕೊಂಡು ಹೋದರು. ಅಂದು ಆ ಮೀನನ್ನು ಅವರು ಮುಟ್ಟಲಿಲ್ಲ. ಮರುದಿನದ ವಿಷಯ ನಮಗೆ ತಿಳಿಯದು. ಕೇಳುವ ಅಧಿಕಾರವೂ ನಮಗಿಲ್ಲವೆನ್ನಿಸಿತು.

ಆ ಎರಡು ವಾಕ್ಯಗಳನ್ನು ನಾವು ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದೆವು. ಮೊದಲನೆಯದು ನಮ್ಮ ಮೂವರಿಗೂ ಸಲ್ಲುತ್ತದೆ, ಎರಡನೆಯದು ಸಲ್ಲುವುದಿಲ್ಲ. ನಮ್ಮ ಮನೆಯ ಮಕ್ಕಳ ಊಟ ಆ ಮೀನಿನ ಮೇಲೆ ನಿಂತಿಲ್ಲ. ಅವರಿಗೆ ಮೇಲ್ನೀರು, ಅಡಿನೀರು ಎಂಬ ಇಷ್ಟಾನಿಷ್ಟಗಳಿಲ್ಲ. ಮೀನಿರುವ ಕಡೆ ಬಲೆ, ಅಷ್ಟೆ. ಕಪ್ಪೆಯ ಬಣ್ಣ, ನಾಲಿಗೆಯ ಉದ್ದ, ಎಣಿಕೆಯ ಹದಿನಾಲ್ಕು, ಇವೆಲ್ಲ ಹೊಟ್ಟೆ ತುಂಬಿದವರ ಆಯ್ಕೆಗಳು. ಹೀಗೆ ಹಿಡಿಯುತ್ತೇನೆ, ಹೀಗೆ ಹಿಡಿಯುವುದಿಲ್ಲ ಎಂದು ಹೇಳುವ ಸವಲತ್ತು ಯಾರಿಗಿದೆಯೋ, ಬಿಡಬೇಕಾದ ಹೊಣೆಯೂ ಅವರದೇ. ನಾಳೆ ಯಾರೋ ಹಿಡಿಯುತ್ತಾರೆ ಎಂಬ ಮಾತು ನಿಜವಿರಬಹುದು. ಆದರೆ ಆ ಯಾರೋ ಎಂಬವರಿಗೆ ಇರುವ ಕಾರಣ ನಮಗಿಲ್ಲ.

ಬೇರೆಯವರ ಕಸುಬಿಗೆ ನಾವು ಕಟ್ಟಳೆ ವಿಧಿಸಲಾರೆವು. ಅದಕ್ಕೆ ಸರಕಾರಗಳಿವೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಕುಂದಾಪುರದ ಕಡೆ ಜೂನ್ 1ರಿಂದ ಜುಲೈ 31ರವರೆಗೆ. ಹಿನ್ನೀರಿನವರೇ ಈ ಉದಾಹರಣೆಯನ್ನು ಎತ್ತಿ, ಕಡಲಿಗೆ ರಜೆ ಇರುವಂತೆ ನಮ್ಮ ಕಪ್ಪೆಗೂ ಒಂದು ರಜೆ ಇರಲಿ ಎಂದರು. ಪಂಚಾಂಗ ತೆಗೆದು ನೋಡಿ, ಮೃಗಶಿರೆ ಮಳೆಯಿಂದ ಸ್ವಾತಿ ಮಳೆಯವರೆಗೆ ಮೇಲ್ನೀರಿಗೆ ಏನನ್ನೂ ಬೀಸಬಾರದೆಂದು ಗೊತ್ತುಮಾಡಿದೆವು. ಆ ತಿಂಗಳುಗಳಲ್ಲಿ ಜೊಂಡಿನ ಅಂಚನ್ನು ಬಿಟ್ಟು, ಎಂಟು ಹತ್ತು ಅಡಿ ನೀರಿರುವಲ್ಲಿ, ತಳದಲ್ಲಿ ಮಾತ್ರ ಗಾಳ. ಉಳಿದ ಕಾಲದಲ್ಲಿಯೂ ಸಿಕ್ಕಿದ್ದರಲ್ಲಿ ಅರ್ಧವನ್ನಾದರೂ ನೀರಿಗೆ ಬಿಡುವುದು.

ಅರ್ಧ ಎಂಬ ಲೆಕ್ಕ ಎಲ್ಲಿಂದ ಬಂತೆಂದು ಮಂಗಳಗಿರಿಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಬೆಟ್ಟದ ಮೇಲಿನ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಅರ್ಚಕರು ಬಾಯಿಗೆ ಪಾನಕ ಎರೆಯುತ್ತಾರೆ. ಗುಟುಗುಟು ಸದ್ದು ಕೇಳುತ್ತದೆ. ಸದ್ದು ನಿಂತೊಡನೆ ಉಳಿದದ್ದು ಪ್ರಸಾದ. ಪಾತ್ರೆ ಎಷ್ಟೇ ದೊಡ್ಡದಿರಲಿ, ಸ್ವಾಮಿ ಅರ್ಧವನ್ನು ಮಾತ್ರ ಸ್ವೀಕರಿಸಿ ಅರ್ಧವನ್ನು ಭಕ್ತನಿಗೆ ಬಿಡುತ್ತಾನೆಂದು ಇಲ್ಲಿಯವರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಎಷ್ಟು ಬೇಕಾದರೂ ಕುಡಿಯಬಲ್ಲವನು ಅರ್ಧಕ್ಕೆ ನಿಲ್ಲಿಸುತ್ತಾನೆ ಎಂಬ ಭಾವನೆಯನ್ನು ಒಂದು ಊರು ದೇವರಲ್ಲಿ ಕಂಡುಕೊಂಡಿದೆಯಲ್ಲ, ಆ ಊರಿನ ನೀರಿಗೆ ಗಾಳ ಹಾಕುವವರು ಅದನ್ನು ಕೊಂಚ ಎರವಲು ಪಡೆದರೆ ತಪ್ಪಿಲ್ಲ.

ಕಟ್ಟಳೆಯ ಭಾರ ಮೂವರ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನು ಮುಚ್ಚಿಡಬಾರದು. ರಾಯಚೂರಿನವರು ಮೊದಲಿನಿಂದಲೂ ತಳದವರು. ಅವರಿಗೆ ಇದರಿಂದ ಕಳೆದದ್ದು ಏನೂ ಇಲ್ಲ. ಕುಂದಾಪುರದವರು ಎಣಿಕೆಯಲ್ಲಿ ನಾಲ್ಕು ಹೆಚ್ಚಿಸಿಕೊಂಡರು. ತುಂಗೆಯವರು ತಮ್ಮ ವರ್ಷದ ಅತ್ಯುತ್ತಮವಾದ ಸುಮಾರು ಐದು ತಿಂಗಳನ್ನು ಕಳೆದುಕೊಂಡರು. ತಳದ ಗಾಳ ಅವರ ಕೈಗೆ ಇನ್ನೂ ಒಗ್ಗಿಲ್ಲ. ದಾರ ಸಡಿಲವಾದದ್ದು ತಳ ಮುಟ್ಟಿದ್ದಕ್ಕೋ ಮೀನು ಮುಟ್ಟಿದ್ದಕ್ಕೋ ಅವರಿಗೆ ತಿಳಿಯುವುದಿಲ್ಲ. ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೂ ಅವರು ಒಪ್ಪಿಲ್ಲ. ಮಳೆಗಾಲದ ಭಾನುವಾರಗಳಲ್ಲಿ ಅವರು ಬರುತ್ತಾರೆ, ಕೋಲನ್ನು ಕೆಳಗಿಟ್ಟು ಜೊಂಡಿನ ಅಂಚಿನಲ್ಲಿ ಕುಳಿತು ನೀರು ಕೆಂಪಾದೆಡೆಗಳನ್ನು ಎಣಿಸುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ನೀರಿನ ಆಳ, ಮರಿಗುಂಪುಗಳ ಸಂಖ್ಯೆ ಬರೆಯುತ್ತಾರೆ.

ಈ ಬರಹ ಹವ್ಯಾಸಿಗಳ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಗಾಲಿಬೋರೆಯ ಶಿಬಿರದಲ್ಲಿ ಮಹಶೀರ್ ಹಿಡಿದು ಬಿಟ್ಟವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದಾಗ, ಕಾವೇರಿಯ ಗೂನುಬೆನ್ನಿನ ದೊಡ್ಡ ಮಹಶೀರ್ ಕುಗ್ಗುತ್ತ ಹೋಗಿ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗದಲ್ಲಿ ಹೆಚ್ಚಿದ್ದು ಆ ಪುಟಗಳಲ್ಲಿ ಕಾಣಿಸಿತು. ಆ ಮೀನಿಗೆ ಟಾರ್ ರೆಮಾದೇವಿ ಎಂಬ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದದ್ದೇ 2018ರಲ್ಲಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಬಹುಕಾಲ ಗಾಳಗಾರರ ಹೆಮ್ಮೆಯಾಗಿತ್ತು. ಆದರೆ ಮೀನಿನ ಸಂತತಿ ಅಳಿವಿನಂಚಿಗೆ ಬಂದಾಗ ಅದರ ಪರವಾಗಿ ಸಾಕ್ಷಿ ಹೇಳಿದ್ದು ದಿನದಿನದ ಸಣ್ಣ ಲೆಕ್ಕಗಳು.

ಹೊರನಾಡಿನಲ್ಲಿರುವ ಓದುಗ ಮಿತ್ರರಲ್ಲಿ ಕೆಲವರಾದರೂ ಹೂಗ್ಲಿಯ ದಡದಲ್ಲಿ, ಮುಳಾ ನದಿಯ ಕಟ್ಟೆಯ ಮೇಲೆ, ಟೆಕ್ಸಾಸಿನ ಯಾವುದೋ ಸರೋವರದಲ್ಲಿ ಗಾಳ ಬಿಟ್ಟು ಕೂರುವವರಿರಬಹುದು. ತಮ್ಮ ಊರಿನ ಹಳ್ಳದ ಆಳವನ್ನೇ ಅಲ್ಲಿಯೂ ಹುಡುಕುತ್ತಿರಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೈ ಕಲಿತ ಆಳವನ್ನು ಕೈ ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಕುಳಿತ ನೀರಿನಲ್ಲಿ ಯಾವ ಮೀನು ಯಾವ ತಿಂಗಳು ಮರಿ ಕಾಯುತ್ತದೆ ಎಂಬುದನ್ನು ಅಲ್ಲಿಯ ಬಲೆಗಾರರನ್ನು ಅವರ ಭಾಷೆಯಲ್ಲೇ ಕೇಳಿ ತಿಳಿದುಕೊಳ್ಳಿರೆಂದು ಮಾತ್ರ ನಮ್ಮ ಬಿನ್ನಹ. ಇಲ್ಲಿ ಸ್ವಾತಿ ಮಳೆ ಮುಗಿಯಲು ಇನ್ನು ಹನ್ನೊಂದು ದಿನಗಳಿವೆ. ತುಂಗೆಯವರು ಒಂದು ಹೊಸ ಕಪ್ಪೆಯನ್ನು ತರಿಸಿಟ್ಟುಕೊಂಡಿದ್ದಾರೆ; ಬಣ್ಣ ಕಪ್ಪು.